ಆಟದ ಹಿಟ್ಟು ಹದ ತಪ್ಪಿದಾಗ: ಎಲ್ಲಿ ಕೆಟ್ಟಿತು ಅಂತ ಹುಡುಕುವ ಬಗೆ

ನನ್ನ ಮಗಳಿಗೆ ನಾಲ್ಕು ವರ್ಷ. ಆಟದ ಹಿಟ್ಟಿನ ಬಗ್ಗೆ ಅವಳದು ಎರಡೇ ದೂರು. ಒಂದು, "ಅಪ್ಪಾ, ಇದು ಕೈ ಬಿಡ್ತಿಲ್ಲ." ಇನ್ನೊಂದು, "ಅಪ್ಪಾ, ಆನೆ ಕಾಲು ಉದುರಿಹೋಯ್ತು." ಮನೆಯಲ್ಲಿ ಪ್ಲೇ ಡೋ ಮಾಡಿದವರಿಗೆಲ್ಲ ಈ ಎರಡೂ ಗೊತ್ತಿರುತ್ತವೆ. ಒಂದು ಸಲ ಜಿಗುಟು, ಇನ್ನೊಂದು ಸಲ ಒಣಕಲು.

ಇದಕ್ಕೆ ನಾವು ಕೊಡುವ ಮದ್ದೂ ಗೊತ್ತಿರುವುದೇ. ಅಂಟಿದರೆ ಒಂದು ಹಿಡಿ ಮೈದಾ, ಉದುರಿದರೆ ಒಂದಿಷ್ಟು ನೀರು. ಮೈದಾ ಜಾಸ್ತಿಯಾಯಿತು ಅಂತ ಮತ್ತೆ ನೀರು, ನೀರು ಜಾಸ್ತಿಯಾಯಿತು ಅಂತ ಮತ್ತೆ ಮೈದಾ. ಹತ್ತು ನಿಮಿಷದಲ್ಲಿ ಹಿಟ್ಟು ಎರಡರಷ್ಟಾಗಿರುತ್ತದೆ, ಹದ ಮಾತ್ರ ಬಂದಿರುವುದಿಲ್ಲ. ನಾನೂ ಹೀಗೇ ಮಾಡಿ ಬಾಣಲೆಗಟ್ಟಲೆ ಹಾಳು ಮಾಡಿದ್ದೇನೆ. ಆಮೇಲೆ ತಿಳಿದದ್ದು ಇಷ್ಟು: ಜಾಸ್ತಿ ಸಲ ತಪ್ಪಿರುವುದು ಅಳತೆಯಲ್ಲ. ಹಿಟ್ಟು ಪೂರ್ತಿ ಬೆಂದಿರುವುದಿಲ್ಲ, ಇಲ್ಲವೇ ಪೂರ್ತಿ ಆರಿರುವುದಿಲ್ಲ. ಹಾಗಾಗಿ ಮೈದಾ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಒಂದು ಚೂರು ಪತ್ತೇದಾರಿ ಕೆಲಸ ಮಾಡಿ.

ಮೊದಲು ಹೋಲಿಸಲು ಒಂದು ಅಳತೆ

ಯಾವುದು ತಪ್ಪಿದೆ ಅಂತ ಹೇಳಬೇಕಾದರೆ ಯಾವುದು ಸರಿ ಅಂತ ಗೊತ್ತಿರಬೇಕಲ್ವಾ? ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಮೈದಾ 130 ಗ್ರಾಂ, ನೀರು 220 ಮಿಲಿ, ಪುಡಿ ಉಪ್ಪು 75 ಗ್ರಾಂ, ಕ್ರೀಮ್ ಆಫ್ ಟಾರ್ಟರ್ 2 ಚಿಕ್ಕ ಚಮಚ, ಅಡುಗೆ ಎಣ್ಣೆ 1 ದೊಡ್ಡ ಚಮಚ. ಎಲ್ಲವನ್ನೂ ತಣ್ಣಗಿರುವಾಗಲೇ ಗಂಟಿಲ್ಲದಂತೆ ಕಲಸಿ, ಆಮೇಲೆ ಒಲೆಯ ಮೇಲಿಟ್ಟು, ಸಣ್ಣ ಉರಿಗಿಂತ ಸ್ವಲ್ಪ ಮೇಲೆ, ಕೈ ಬಿಡದೆ ತಿರುವಬೇಕು. ಮೊದಲು ತೆಳ್ಳಗಿರುತ್ತದೆ, ಆಮೇಲೆ ಗಂಜಿಯಾಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಬೇಗ ಆಗುತ್ತದೆ. ನೋಡನೋಡುತ್ತಲೇ ಸೌಟಿನ ಸುತ್ತ ಮುದ್ದೆ ಕಟ್ಟಿ, ಪಾತ್ರೆಯ ಗೋಡೆ ಬಿಟ್ಟು ಬರುತ್ತದೆ.

ತೂಕದಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಕಪ್ಪಿನಲ್ಲಿ ಅಳೆಯುವ ಕೆಲಸ ಮಗಳದ್ದು. ಅವಳು ಮೈದಾ ತುಂಬಿ, ಅಂಗೈಯಿಂದ ಪಟಪಟ ತಟ್ಟಿ, ಕುಗ್ಗಿದ ಜಾಗಕ್ಕೆ ಇನ್ನೊಂದು ಚಮಚ ಸುರಿದು, ಮತ್ತೆ ತಟ್ಟುತ್ತಾಳೆ. ಹಗುರವಾಗಿ ತುಂಬಿದ ಒಂದು ಕಪ್ ಮೈದಾ 120 ಗ್ರಾಂ ಆಸುಪಾಸು ಬರುತ್ತದೆ. ಹೀಗೆ ತಟ್ಟಿ ತುಂಬಿದರೆ 150 ದಾಟುತ್ತದೆ. ಕಪ್ ಅದೇ, ಕೈ ಬೇರೆ. ಮಗುವಿಗೆ ಅಳೆಯುವ ಖುಷಿ ತಪ್ಪಿಸಬೇಡಿ. ತಕ್ಕಡಿಯ ಮೇಲೆ ಪಾತ್ರೆ ಇಟ್ಟು, "ಒಂದು, ಮೂರು, ಸೊನ್ನೆ ಬಂದಾಗ ಹೇಳು" ಅಂದರೆ ಸಾಕು. ಅಂಕಿ ಕಲಿಕೆಯೂ ಆಯಿತು.

ಕ್ರೀಮ್ ಆಫ್ ಟಾರ್ಟರ್ ಅಂದರೆ ಬೇಕಿಂಗ್ ಸಾಮಾನಿನ ಜೊತೆ ಸಿಗುವ ಬಿಳಿ ಹುಳಿ ಪುಡಿ. ಇಲ್ಲದಿದ್ದರೆ 4 ಚಿಕ್ಕ ಚಮಚ ನಿಂಬೆರಸ ಅಥವಾ ವಿನೆಗರ್ ಹಾಕಿ, ಅಷ್ಟೇ ನೀರು ಕಡಿಮೆ ಮಾಡಿ. ಯಾವುದೂ ಇಲ್ಲದೆಯೂ ಹಿಟ್ಟು ಆಗುತ್ತದೆ. ನುಣುಪು ಸ್ವಲ್ಪ ಕಮ್ಮಿ, ಬಾಳಿಕೆಯೂ ಕಮ್ಮಿ.

"ಕೈ ಬಿಡ್ತಿಲ್ಲ"

ಇಡೀ ಮುದ್ದೆಗೆ ಏನೂ ಮಾಡಬೇಡಿ. ನಿಂಬೆ ಗಾತ್ರದ ಒಂದು ಉಂಡೆ ಕಿತ್ತು ಬೇರೆ ಇಡಿ. ಪರೀಕ್ಷೆಯೆಲ್ಲ ಅದರ ಮೇಲೆಯೇ ನಡೆಯಲಿ.

ಮೊದಲ ಪ್ರಶ್ನೆ, ಇನ್ನೂ ಬಿಸಿ ಇದೆಯಾ? ಬಿಸಿ ಹಿಟ್ಟು ಅಂಟೇ ಅಂಟುತ್ತದೆ. ಅದು ದೋಷವೇ ಅಲ್ಲ. ಹೊರಗೆ ಕೈ ತಾಳುವಷ್ಟು ಆರಿದ್ದರೂ ನಡುವೆ ಸುಡುತ್ತಿರಬಹುದು. ಆದ್ದರಿಂದ ಮುದ್ದೆಯನ್ನು ಮುರಿದು, ಒಳಗೆ ನಿಮ್ಮ ಬೆರಳು ಇಟ್ಟು ನೋಡಿದ ಮೇಲೆಯೇ ಮಗುವಿನ ಕೈಗೆ ಕೊಡಿ. ಹೊಸ ಹಿಟ್ಟು ಮಾಡಿದಾಗ ಮಕ್ಕಳಿಗೆ ಕಾಯುವುದು ಅಂದರೆ ಕಷ್ಟ. ಆ ಹತ್ತು ನಿಮಿಷಕ್ಕೆ ಲಟ್ಟಣಿಗೆ, ಬಾಟಲಿ ಮುಚ್ಚಳ, ಚಮಚ ಹುಡುಕಿ ತರುವ ಕೆಲಸ ಕೊಡುತ್ತೇನೆ. ಉಂಡೆ ಪೂರ್ತಿ ಆರಿದ ಮೇಲೆ ಎರಡು ನಿಮಿಷ ನಾದಿ. ಈ ಹಂತದಲ್ಲೇ ಬಹಳಷ್ಟು ಜಿಗುಟು ತಾನಾಗಿ ಹೋಗಿಬಿಡುತ್ತದೆ.

ಆರಿದ ಮೇಲೂ ಅಂಟುತ್ತಿದ್ದರೆ ಉಂಡೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ, ಆಮೇಲೆ ಮೂಸಿ ನೋಡಿ. ಎಳೆ ಎಳೆಯಾಗಿ ಬಂದರೆ, ಮೇಲೆ ಒದ್ದೆ ಹೊಳಪಿದ್ದರೆ, ಹಸಿ ಮೈದಾ ವಾಸನೆ ಇದ್ದರೆ ಹಿಟ್ಟು ಬೆಂದಿಲ್ಲ. ಗೋಧಿಯ ಪಿಷ್ಟ ನೀರು ಕುಡಿದು ಉಬ್ಬುವುದು ಸುಮಾರು 60 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ. ಅಲ್ಲಿಯವರೆಗೆ ನೀರು ಹಿಟ್ಟಿನ ಕಣಗಳ ಮಧ್ಯೆ ಸುಮ್ನೆ ನಿಂತಿರುತ್ತದೆ. ಆ ನೀರೇ ಕೈಗೆ ಅಂಟುವುದು. ಪಾತ್ರೆಯ ತಳ ಬೆಂದು ಮೇಲಿನದು ಬೇಯದೇ ಇರುವುದೂ ಉಂಟು. ಉರಿ ದೊಡ್ಡದಿದ್ದಾಗ ಹಾಗಾಗುತ್ತದೆ. ನೋಡಲು ಮುದ್ದೆಯಂತೆ ಕಾಣುತ್ತದೆ, ಒಳಗೆ ಇನ್ನೂ ಹಸಿ.

ಇದಕ್ಕೆ ಮದ್ದು ಮೈದಾ ಅಲ್ಲ, ಒಲೆ. ಮುದ್ದೆಯನ್ನು ಮತ್ತೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಮಗುಚುತ್ತಾ ಒಂದೆರಡು ನಿಮಿಷ ಬೇಯಿಸಿ. ಒಂದು ಚೂರು ಕಿತ್ತು, ಆರಿಸಿ, ಬೆರಳ ಮಧ್ಯೆ ಒತ್ತಿ ನೋಡಿ. ಬೆರಳು ಒಣಗಿಯೇ ಬಂದರೆ ಇಳಿಸಿ. ಬೆಂದ ಹಿಟ್ಟಿಗೆ ಹಸಿ ಮೈದಾ ಸೇರಿಸುವುದು ನನಗೆ ಇಷ್ಟವಿಲ್ಲದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಸಿ ಮೈದಾದಲ್ಲಿ ಸಾಲ್ಮೊನೆಲ್ಲಾ, ಇ. ಕೋಲಿ ಥರದ ರೋಗಾಣುಗಳು ಇರಬಹುದು. ಬಾಯಿಗೆ ಬೆರಳು ಹಾಕುವ ವಯಸ್ಸಿನ ಮಗು ಆಡುವ ಹಿಟ್ಟು ಬೆಂದಿರುವುದೇ ವಾಸಿ. ಒಲೆ ಬೇಡ ಅಂತ ಬರೀ ತಣ್ಣೀರಲ್ಲಿ ಕಲಸುವ ವಿಧಾನವನ್ನು ನಾನು ಬಿಟ್ಟಿದ್ದೂ ಇದಕ್ಕೇ.

ಮೂರನೆಯ ಸಾಧ್ಯತೆ: ನಿನ್ನೆ ಚೆನ್ನಾಗಿತ್ತು, ಇವತ್ತು ಅಂಟುತ್ತಿದೆ. ಆಗ ಅಡುಗೆಯ ತಪ್ಪು ಹುಡುಕಬೇಡಿ, ಡಬ್ಬಿಯ ಮುಚ್ಚಳ ನೋಡಿ. ಒಳಗೆ ನೀರ ಹನಿ ಕೂತಿದೆಯಾ? ಹಾಗಾದರೆ ಹಿಟ್ಟು ಬೆಚ್ಚಗಿರುವಾಗಲೇ ಮುಚ್ಚಿಟ್ಟಿದ್ದೀರಿ. ಹಬೆ ನೀರಾಗಿ ಹಿಟ್ಟಿನ ಮೇಲೇ ಬಿದ್ದಿದೆ. ಹನಿ ಇಲ್ಲದಿದ್ದರೆ ಹವೆ ಕಾರಣ ಇರಬಹುದು. ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಪಸೆಯೊಡೆಯುತ್ತದೆ. ಮಳೆ ಹಿಡಿದ ದಿನ ಹೊರಗಿಟ್ಟ ಆಟದ ಹಿಟ್ಟು ಮೈಯೆಲ್ಲ ಬೆವರಿದಂತೆ ಆಗುವುದು ಹೀಗೆ. ತೆಳ್ಳಗೆ ಹರಡಿ ಫ್ಯಾನ್ ಕೆಳಗೆ ಕಾಲು ಗಂಟೆ ಇಟ್ಟು ನಾದಿದರೆ ಸರಿಹೋಗುತ್ತದೆ. ಇಲ್ಲಿ ಮಾತ್ರ ಆತುರದವರಿಗೆ ಒಂದು ವಿನಾಯಿತಿ ಕೊಡುತ್ತೇನೆ: ಒಣ ಬಾಣಲೆಯಲ್ಲಿ ಹುರಿದು ಆರಿಸಿದ ಮೈದಾ ಒಂದು ಚಿಕ್ಕ ಚಮಚ.

ಮತ್ತೆ, ಮಗುವಿನ ಕೈ ಒದ್ದೆ ಇದೆಯಾ ಅಂತಲೂ ನೋಡಿ. ನಗಬೇಡಿ. ನಾನು ಅರ್ಧ ಗಂಟೆ ಹಿಟ್ಟಿನ ಹಿಂದೆ ಬಿದ್ದು, ಕೊನೆಗೆ ಅವಳು ಆಗಾಗ ಹೋಗಿ ಕೈ ತೊಳೆದು ಒರೆಸದೆ ಬರುತ್ತಿದ್ದಾಳೆ ಅಂತ ಕಂಡುಹಿಡಿದೆ.

"ಆನೆ ಕಾಲು ಉದುರಿಹೋಯ್ತು"

ಒಣಕಲು ಹಿಟ್ಟಿನ ಪರೀಕ್ಷೆ ಸುಲಭ. ಉಂಡೆಯನ್ನು ಅಂಗೈ ಮಧ್ಯೆ ಹೊಸೆದು ಬೆರಳು ದಪ್ಪದ ಹಾವು ಮಾಡಿ, ಮೆಲ್ಲಗೆ ಬಗ್ಗಿಸಿ. ಬಾಗಿದ ಹೊರಮೈಯಲ್ಲಿ ಸಣ್ಣ ಬಿರುಕು ಮೂಡಿದರೆ ಮೇಲ್ಪದರ ಮಾತ್ರ ಒಣಗಿದೆ. ಫಟ್ಟಂತ ಎರಡು ತುಂಡಾದರೆ ಒಳಗೂ ನೀರಿಲ್ಲ. ಬಗ್ಗುವ ಮೊದಲೇ ಕೈಯಲ್ಲಿ ಪುಡಿಪುಡಿಯಾಗಿ, ಆ ಪುಡಿ ಜಿಡ್ಡುಜಿಡ್ಡಾಗಿದ್ದರೆ ಅದು ಬೇರೆ ಕಾಯಿಲೆ.

ಮೊದಲೆರಡಕ್ಕೆ ನೀರು ಬೇಕು. ಆದರೆ ಸುರಿಯಬೇಡಿ. ಸುರಿದ ನೀರು ಹಿಟ್ಟಿನ ಮೇಲೆ ಜಾರಿಕೊಂಡು ಲೋಳೆಯಾಗುತ್ತದೆ, ಒಳಗೆ ಹೋಗುವುದಿಲ್ಲ. ಬಿಸಿನೀರಲ್ಲಿ ಕೈ ಅದ್ದಿ, ಕೊಡವಿ, ಆ ಕೈಯಲ್ಲಿ ನಾದಿ. ಪಸೆ ಇಂಗಿದ ಮೇಲೆ ಮತ್ತೆ ಅದ್ದಿ. ನಾಲ್ಕೈದು ಸಲ ಬೇಕಾಗಬಹುದು. ತೀರಾ ಗಟ್ಟಿಯಾಗಿದ್ದರೆ ಹಿಟ್ಟನ್ನು ಚೂರು ಚೂರು ಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನಾದಿದರೆ ಅರ್ಧ ಜೀವವಾದರೂ ಬಂದಿರುತ್ತದೆ. ಕಲ್ಲಾಗಿದ್ದರೆ ಬಿಟ್ಟುಬಿಡಿ. ಅಷ್ಟು ಶ್ರಮಕ್ಕೆ ಹೊಸದೇ ಮಾಡಬಹುದು.

ಜಿಡ್ಡಿನ ಪುಡಿಗೆ ಎಣ್ಣೆ ಕಾರಣ. ಒಣಗಿದ ಹಿಟ್ಟಿಗೆ ಎಣ್ಣೆ ಹಾಕಿ ಅಂತ ಬಹಳ ಜನ ಹೇಳುತ್ತಾರೆ. ಎಣ್ಣೆ ಹಾಕಿದ ತಕ್ಷಣ ಕೈಗೆ ಮೆತ್ತಗೆ ಅನ್ನಿಸುವುದು ನಿಜ. ಆದರೆ ಎಣ್ಣೆ ನೀರಿನ ಕೆಲಸ ಮಾಡುವುದಿಲ್ಲ. ಕಣಗಳಿಗೆ ಸವರಿಕೊಂಡು ಒಂದಕ್ಕೊಂದು ಹಿಡಿಯದಂತೆ ಮಾಡುತ್ತದೆ. ಕಾಲು ಉದುರುವ ಆನೆಗೆ ಎಣ್ಣೆ ಹಾಕಿದರೆ ಸೊಂಡಿಲೂ ಉದುರುತ್ತದೆ. ಆಗಲೇ ಹಾಕಿಬಿಟ್ಟಿದ್ದರೆ ಹಿಟ್ಟನ್ನು ಪೇಪರ್ ಟವೆಲ್ ಮೇಲೆ ಒತ್ತಿ ಒಂದಿಷ್ಟು ಜಿಡ್ಡು ತೆಗೆದು, ಮೇಲಿನಂತೆ ಒದ್ದೆ ಕೈಯಲ್ಲಿ ನಾದಿ.

ಪ್ರತಿ ಸಲವೂ ಒಣಕಲೇ ಆಗುತ್ತಿದ್ದರೆ ಒಲೆಯಿಂದ ಇಳಿಸುವ ಗಳಿಗೆ ತಡವಾಗುತ್ತಿದೆ. ಪಾತ್ರೆ ಬಿಟ್ಟು ಬಂದ ಮೇಲೂ "ಇನ್ನೊಂದು ನಿಮಿಷ ಇರಲಿ" ಅಂತ ಬಿಡುವುದು ಬೇಡ. ಅಗಲ ಬಾಣಲೆಯಲ್ಲಿ ನೀರು ಬೇಗ ಆವಿಯಾಗುತ್ತದೆ ಅನ್ನುವುದೂ ನೆನಪಿರಲಿ.

ಕರಕರ ಅನ್ನುವ ಹಿಟ್ಟು, ಬಿಳಿ ಪುಡಿ ಕಟ್ಟುವ ಹಿಟ್ಟು

ಇದು ನನಗೆ ತುಂಬಾ ದಿನ ಬಿಡಿಸಲಾಗದ ಒಗಟಾಗಿತ್ತು. ಹದ ಸರಿ ಇದೆ, ಮುಟ್ಟಿದರೆ ಮರಳು ಮರಳು. ಚೆನ್ನಾಗಿ ಬೇಯಿಸಿದರೂ ಹಾಗೇ. ಬಿಸಿನೀರಲ್ಲಿ ಉಪ್ಪು ಕರಗಿಸಿಕೊಂಡರೂ ಹಾಗೇ.

ತಪ್ಪು ಇದ್ದದ್ದು ಲೆಕ್ಕದಲ್ಲಿ. 100 ಮಿಲಿ ನೀರಿನಲ್ಲಿ ಕರಗುವುದು ಸುಮಾರು 36 ಗ್ರಾಂ ಉಪ್ಪು ಅಷ್ಟೇ. ಸಕ್ಕರೆಯಾದರೆ ತಣ್ಣೀರಿಗಿಂತ ಬಿಸಿನೀರಲ್ಲಿ ಬಹಳ ಜಾಸ್ತಿ ಕರಗುತ್ತದೆ. ಉಪ್ಪು ಹಾಗಲ್ಲ, ಕುದಿಯುವ ನೀರಲ್ಲೂ 39 ಗ್ರಾಂ ಆಸುಪಾಸಿಗೇ ನಿಂತುಬಿಡುತ್ತದೆ. ಒಂದು ಕಪ್ ಮೈದಾಕ್ಕೆ ಒಂದು ಕಪ್ ನೀರು, ಅರ್ಧ ಕಪ್ ಉಪ್ಪು ಅನ್ನುವ ಅಳತೆ ಎಲ್ಲ ಕಡೆ ಕಾಣುತ್ತದೆ. ಅರ್ಧ ಕಪ್ ಪುಡಿ ಉಪ್ಪು ಅಂದರೆ 140 ಗ್ರಾಂ ಆಸುಪಾಸು. ಒಂದು ಕಪ್ ನೀರು, ಅಂದರೆ 240 ಮಿಲಿ, ಕರಗಿಸುವುದು 86 ಗ್ರಾಂ. ಉಳಿದ 50 ಗ್ರಾಂ ಎಲ್ಲಿ ಹೋಗಬೇಕು? ಹಿಟ್ಟಿನೊಳಗೇ ಹರಳಾಗಿ ಕೂತಿರುತ್ತದೆ.

ಉಪ್ಪು ಹಾಕುವುದು ಹಿಟ್ಟು ಕೆಡದಿರಲಿ ಅಂತ. ಆದರೆ ನೀರು ಹಿಡಿಯುವಷ್ಟು ಉಪ್ಪು ಕರಗಿದ ಮೇಲೆ, ಕರಗದೆ ಉಳಿದ ಹರಳು ಕಾಪಾಡುವ ಕೆಲಸಕ್ಕೆ ಏನೂ ಸೇರಿಸುವುದಿಲ್ಲ. ನನ್ನ ಅಳತೆಯಲ್ಲಿ 220 ಮಿಲಿಗೆ 75 ಗ್ರಾಂ ಇರುವುದು ಈ ಲೆಕ್ಕದಿಂದಲೇ. ಆಗಲೇ ಮಾಡಿದ ಹಿಟ್ಟು ಕರಕರ ಅನ್ನುತ್ತಿದ್ದರೆ ಸರಿಮಾಡಲು ಹೋಗಬೇಡಿ. ನೀರು ಹಾಕಿ ಕರಗಿಸಲು ಹೊರಟರೆ ಅಂಟು ಹಿಟ್ಟಾಗುತ್ತದೆ. ಅದನ್ನು ಹಾಗೇ ಆಡಲು ಬಿಡಿ. ಕೆಲವು ಮಕ್ಕಳಿಗೆ ಆ ಮರಳು ಮರಳೇ ಇಷ್ಟ. ಕಲ್ಲುಪ್ಪು ಬಳಸುತ್ತಿದ್ದರೆ ಮುಂದಿನ ಸಲ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಮೊದಲೇ ಕದಡಿಕೊಳ್ಳಿ.

ಒಣಹವೆಯಲ್ಲಿ ಹಿಟ್ಟಿನ ಮೇಲೆ ಬಿಳಿ ಹುಡಿ ಕಂಡರೆ ಅದೂ ಇದೇ ಉಪ್ಪು. ನೀರು ಆರುತ್ತಾ ಮೇಲೆ ಬರುತ್ತದೆ, ಜೊತೆಗೆ ತಂದ ಉಪ್ಪನ್ನು ಮೇಲ್ಮೈಯಲ್ಲಿ ಬಿಟ್ಟು ಹೋಗುತ್ತದೆ. ಬೂಷ್ಟು ಅಂತ ಹೆದರಿ ಎಸೆಯುವ ಮುಂಚೆ ಭೂತಗನ್ನಡಿ ತೆಗೆದುಕೊಳ್ಳಿ. ಹರಳು ಗಡುಸಾಗಿ, ಸಣ್ಣಗೆ ಮಿನುಗುತ್ತದೆ, ಒದ್ದೆ ಬೆರಳಿಗೆ ಕರಗುತ್ತದೆ. ಬೂಷ್ಟಿಗೆ ಹತ್ತಿಯಂತೆ ರೋಮ ಇರುತ್ತದೆ, ಹಸಿರೋ ಕಪ್ಪೋ ಛಾಯೆ ಇರುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ.

"ಕೈ ಉರೀತಿದೆ" ಅಂತ ಮಗು ಅಂದರೆ ಅದಕ್ಕೂ ಉಪ್ಪೇ ಕಾರಣ. ಗೀರಿದ ಗಾಯವೋ ಉಗುರಿನ ಪಕ್ಕ ಸುಲಿದದ್ದೋ ಇರುತ್ತದೆ. ಕೈ ತೊಳೆಸಿ, ಗಾಯ ಮಾಯುವವರೆಗೆ ಹಿಟ್ಟು ಬೇಡ.

ಗಂಟು

ಬಿಸಿನೀರಿಗೆ ಮೈದಾ ಸುರಿದರೆ ಗಂಟು ಖಂಡಿತ. ಹೊರಪದರ ತಕ್ಷಣ ಬೆಂದು ಚೀಲದಂತಾಗುತ್ತದೆ, ಒಳಗೆ ಒಣ ಹಿಟ್ಟು ಉಳಿದುಬಿಡುತ್ತದೆ. ಹಿಟ್ಟು ಬಿಸಿ ಇರುವಾಗಲೇ ಮಣೆಯ ಮೇಲೆ ಸೌಟಿನ ಬೆನ್ನಿಂದ ಒತ್ತಿ ಒಡೆಯಿರಿ. ಇದು ದೊಡ್ಡವರ ಕೆಲಸ. ಆರಿದ ಮೇಲೆ ಸಿಕ್ಕಿದ ಗಂಟುಗಳನ್ನು ಆರಿಸಿ ತೆಗೆಯುವ ಕೆಲಸ ಮಗುವಿಗೆ ಕೊಡಬಹುದು.

ಎಳೆದರೆ ರಬ್ಬರಿನಂತೆ ಹಿಂದೆ ಹೋಗುವುದು

ಚಪ್ಪಟೆ ಮಾಡಿದ್ದು ಮತ್ತೆ ಕುಗ್ಗಿಕೊಂಡರೆ ಹಿಟ್ಟು ಬೇಯದೆ ಜಾಸ್ತಿ ನಾದಿಸಿಕೊಂಡಿದೆ. ಹಸಿ ಮೈದಾವನ್ನು ನಾದಿದಷ್ಟೂ ಅದರ ಗ್ಲುಟೆನ್, ಅಂದರೆ ಹಿಟ್ಟಿಗೆ ಎಳೆತ ಕೊಡುವ ಪ್ರೋಟೀನ್, ಬಲಿಯುತ್ತದೆ. ಮುಚ್ಚಿಟ್ಟು ಅರ್ಧ ಗಂಟೆ ಬಿಟ್ಟರೆ ಸಡಿಲವಾಗುತ್ತದೆ. ಬೇಯಿಸಿದ ಹಿಟ್ಟಿನಲ್ಲಿ ಈ ತೊಂದರೆ ನನಗೆ ಬಂದೇ ಇಲ್ಲ.

ಬಣ್ಣದ ತಕರಾರು

ಕೈಗೆ ಬಣ್ಣ ಹತ್ತುತ್ತಿದ್ದರೆ ಬೆಂದ ಮೇಲೆ ಬಣ್ಣ ಹಾಕಿದ್ದೀರಿ, ಅಥವಾ ಜಾಸ್ತಿ ಹಾಕಿದ್ದೀರಿ. ಒಂದೇ ಬಣ್ಣ ಸಾಕು ಅನ್ನುವ ದಿನ ಅದನ್ನು ನೀರಿಗೇ ಕಲಸಿ ಬೇಯಿಸಿ. ಬಣ್ಣ ಎಲ್ಲ ಕಡೆ ಒಂದೇ ಸಮ ಬರುತ್ತದೆ, ಕೈಗೆ ಹತ್ತುವುದೂ ಕಮ್ಮಿ. ನಾಲ್ಕು ಬಣ್ಣ ಬೇಕಾದರೆ ಉಂಡೆ ಮಾಡಿ, ನಡುವೆ ಗುಳಿ ಒತ್ತಿ, ಗುಳಿಗೆ ಜೆಲ್ ಬಣ್ಣ ಹಾಕಿ, ಬಾಯಿ ಮುಚ್ಚಿ ನಾದಿ. ನೀರು ಬಣ್ಣ ಜಾಸ್ತಿ ಸುರಿದರೆ ಮತ್ತೆ ಅದೇ ಜಿಗುಟು.

ಒಂದು ಸಲ ಮಾತ್ರ ನಾನು ಬೆಪ್ಪಾದೆ. ಕ್ರೀಮ್ ಆಫ್ ಟಾರ್ಟರ್ ಮುಗಿದಿತ್ತು. ಹುಳಿ ಏನೂ ಹಾಕದೆ, ಅರಿಶಿನದ ಬಣ್ಣ ಕೊಟ್ಟು ಹಿಟ್ಟು ಮಾಡಿದೆ. ಒಳ್ಳೆ ಹಳದಿ. ಮಗಳು ಬಂದು ಹಿಡಿದಳು. ಅವಳ ಬೆರಳು ಊರಿದ ಕಡೆಯೆಲ್ಲ ಇಟ್ಟಿಗೆ ಕೆಂಪಿನ ಐದು ಗುರುತು. ಕೈಗೆ ಗಾಯವಾಗಿದೆ ಅಂತಲೇ ನನ್ನ ಎದೆ ಧಸಕ್ಕೆಂದಿತು. ಗಾಯ ಇರಲಿಲ್ಲ, ಸೋಪಿನ ನೊರೆ ಇತ್ತು. ಅರಿಶಿನ ಕ್ಷಾರಕ್ಕೆ ತಾಗಿದರೆ ಕೆಂಪಾಗುತ್ತದೆ, ಸೋಪು ಕ್ಷಾರ. ಒಂದು ಹನಿ ನಿಂಬೆರಸ ಒರೆಸಿದೆ, ಮತ್ತೆ ಹಳದಿ. ಹಿಟ್ಟಿನಲ್ಲಿ ಹುಳಿ ಇದ್ದಿದ್ದರೆ ಅಷ್ಟು ಸುಲಭಕ್ಕೆ ಬಣ್ಣ ತಿರುಗುತ್ತಿರಲಿಲ್ಲ. ಆಮೇಲೆ ಅವಳು ವಾರವಿಡೀ ಬೇಕಂತಲೇ ಸೋಪಿನ ಕೈಯಲ್ಲಿ ಬರುತ್ತಿದ್ದಳು.

ಎಲ್ಲ ಬಣ್ಣ ಸೇರಿ ಕೊನೆಗೆ ಕೆಸರು ಬಣ್ಣ ಆಯಿತು ಅನ್ನುವುದನ್ನು ನಾನು ದೋಷಗಳ ಪಟ್ಟಿಯಿಂದಲೇ ತೆಗೆದಿದ್ದೇನೆ. ಅದು ಆಗೇ ಆಗುತ್ತದೆ.

ಕೂದಲು, ಧೂಳು, ಕಾರ್ಪೆಟ್

ಆಟದ ಹಿಟ್ಟು ನೆಲದ ಕೊಳೆಯನ್ನೆಲ್ಲ ಎತ್ತಿಕೊಳ್ಳುತ್ತದೆ. ಎತ್ತದೇ ಇನ್ನೇನು? ಅಂಗಡಿಯಲ್ಲಿ ಸಿಗುವ ಪ್ಲೇ-ಡೋ ಮೊದಲಿಗೆ ಆಟಿಕೆಯೇ ಆಗಿರಲಿಲ್ಲ. ಅಮೆರಿಕದ ಸಿನ್ಸಿನಾಟಿಯ ಒಂದು ಕಂಪನಿ ಅದನ್ನು ಮಾಡುತ್ತಿದ್ದದ್ದು ಗೋಡೆಯ ವಾಲ್‌ಪೇಪರಿಗೆ ಹಿಡಿದ ಮಸಿ ಒರೆಸಲು. ಮಕ್ಕಳ ಆಟಕ್ಕೆ ಅಂತ ಮಾರಾಟಕ್ಕೆ ಬಂದದ್ದು 1956ರಲ್ಲಿ. ಹಿಟ್ಟಿಗೆ ಕೂದಲು, ಧೂಳು ಹತ್ತಿದ್ದರೆ ಆ ಭಾಗ ಚಿವುಟಿ ತೆಗೆಯಿರಿ, ತೊಳೆಯಲು ಹೋಗಬೇಡಿ.

ಕಾರ್ಪೆಟ್ಟಿಗೋ ಬಟ್ಟೆಗೋ ಮೆತ್ತಿದ್ದರೆ ಒದ್ದೆ ಬಟ್ಟೆ ತರಬೇಡಿ. ಪೂರ್ತಿ ಒಣಗಲು ಬಿಡಿ, ಆಮೇಲೆ ಗಟ್ಟಿ ಬ್ರಷ್‌ನಿಂದ ಉಜ್ಜಿದರೆ ಪುಡಿಯಾಗಿ ಬರುತ್ತದೆ. ಉಳಿದ ಕಲೆಗೆ ತಣ್ಣೀರು ಮತ್ತು ಸೋಪು.

ಬಾಯಿಗೆ ಹಾಕಿಕೊಂಡರೆ

ಒಂದು ಚೂರು ನಾಲಿಗೆಗೆ ತಾಗಿದರೆ ಉಪ್ಪಿಗೆ ಮಗುವೇ ಉಗಿಯುತ್ತದೆ. ಬಾಯಿ ತೊಳೆಸಿ ನೀರು ಕುಡಿಸಿ. ದೊಡ್ಡ ಉಂಡೆಯನ್ನೇ ನುಂಗಿದ್ದರೆ, ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ಅಷ್ಟು ಉಪ್ಪು ಸಣ್ಣ ದೇಹಕ್ಕೆ ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಇನ್ನೂ ಹುಷಾರು. ಮಗು ಉಗಿಯುತ್ತದೆ, ನಾಯಿ ಉಗಿಯುವುದಿಲ್ಲ. ಇಂಥ ಉಪ್ಪು ಹಿಟ್ಟು ತಿಂದು ನಾಯಿಗಳ ಪ್ರಾಣಕ್ಕೇ ಕುತ್ತು ಬಂದಿರುವುದುಂಟು. ಆಟ ಮುಗಿದ ಮೇಲೆ ಮೇಜಿನ ಕೆಳಗೊಮ್ಮೆ ಬಗ್ಗಿ ನೋಡಿ. ಗೋಧಿ ಆಗದ ಮಗುವಿಗೆ ಮೈದಾ ಹಿಟ್ಟು ಬೇಡವೇ ಬೇಡ, ಅಕ್ಕಿ ಹಿಟ್ಟು ಮತ್ತು ಮೆಕ್ಕೆಜೋಳದ ಪಿಷ್ಟದಲ್ಲಿ ಬೇರೆ ಮಾಡಿಕೊಳ್ಳಿ. ಅದರ ಹದವೇ ಬೇರೆ, ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ಯಾವಾಗ ಎಸೆಯಬೇಕು

ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಬೇಯಿಸಿದ ಹಿಟ್ಟು ಕೆಲವು ವಾರ ಬರುತ್ತದೆ. ರೋಮದ ಬೂಷ್ಟು ಕಂಡರೆ, ಹುಳಿ ಅಥವಾ ಮುಗ್ಗಲು ವಾಸನೆ ಬಂದರೆ, ಆ ಭಾಗ ಮಾತ್ರ ಕಿತ್ತು ಉಳಿಸಿಕೊಳ್ಳಬೇಡಿ. ಇಡೀ ಮುದ್ದೆ ಹೋಗಲಿ. ಮನೆಯಲ್ಲಿ ಯಾರಿಗಾದರೂ ಶೀತ, ಭೇದಿ ಇದ್ದಾಗ ಆಡಿದ ಹಿಟ್ಟೂ ಹಾಗೇ. ಸಿಂಕಿಗೆ ಹಾಕಬೇಡಿ, ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಸುತ್ತಿ ಕಸಕ್ಕೆ ಹಾಕಿ.

ಮಗುವಿನ ಎದುರಿಗೆ ಎಸೆಯುವುದಾದರೆ ಮುದ್ದೆಯನ್ನು ಮೊದಲೇ ಅದರ ಕೈಯಿಂದ ಬಿಡಿಸಿಕೊಂಡಿರಿ. ಹೋದ ತಿಂಗಳು ನಾನು ಕಸದ ಬುಟ್ಟಿ ಹತ್ತಿರ ಹೋಗುವಷ್ಟರಲ್ಲಿ ಅದು ಮೂರು ಕಾಲಿನ ಆನೆಯಾಗಿತ್ತು, ಅದಕ್ಕೊಂದು ಹೆಸರೂ ಬಂದಿತ್ತು.